ಕೆಂಪಮ್ಮನ ಕತ್ತಿನ ಬೆಳ್ಳಿ ಗೆರೆ

ಸೇತುವೆಯ ಕೀಲುಗಳ ಮೇಲೆ ಲಾರಿಗಳು ಹಾಯುವಾಗ ದಡ್‌ದಡ್ ಎಂಬ ಸದ್ದು ಏಳುತ್ತದೆ. ಕಡಲಾಚೆಯ ಫೋರ್ಟ್ ಲೀ ಊರಿನ ಎತ್ತರದ ಕಟ್ಟಡದಲ್ಲಿ ನಯೀಮಾ ಎಚ್ಚರಾಗುವುದು ಆ ಸದ್ದಿಗೆ. ಹಬ್ಬದ ರಜೆಗಳಲ್ಲಿ ಲಾರಿ ಕಡಿಮೆಯಾದರೆ ನಿದ್ದೆಯೇ ಸರಿಯಾಗುವುದಿಲ್ಲ ಎನ್ನುತ್ತಾರೆ.

ಮೈಸೂರಿನ ಮಂಡಿ ಮೊಹಲ್ಲಾದವರು, ಆ ಸೇತುವೆಯ ಕೆಳಗಿನ ನದಿಯ ಈಚೆ ದಡದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಗಂಟಲಿಗೆ ಉಸಿರಿನ ನಳಿಗೆ ಇಳಿಸುವುದು ಅವರ ಕೆಲಸ. ನಳಿಗೆ ಇಳಿಯದೇ ಹೋದರೆ ಒಂದೇ ದಾರಿ ಉಳಿಯುತ್ತದೆ: ಕತ್ತಿನ ಮುಂದೆ, ಧ್ವನಿಪೆಟ್ಟಿಗೆಯ ಕೆಳಗೆ, ಬೆರಳ ತುದಿಯಷ್ಟೂ ಇಲ್ಲದ ತೆಳು ಪೊರೆ. ಅದನ್ನು ಸೀಳಿ ಗಾಳಿ ಕೊಡಬೇಕು.

ವರ್ಷಗಟ್ಟಲೆ ನಯೀಮಾ ಆ ಜಾಗವನ್ನು ಬೆರಳಿನಿಂದಲೇ ಹುಡುಕುತ್ತಿದ್ದರು. ಒಂದು ತರಬೇತಿಯಲ್ಲಿ ಸಹೋದ್ಯೋಗಿಯ ಕತ್ತನ್ನು ಸವರಿ, ಖಾತ್ರಿಯಿಂದ ಗುರುತಿಟ್ಟರು. ಅಲ್ಟ್ರಾಸೌಂಡ್ ಹಿಡಿದು ನೋಡಿದರೆ ಪೊರೆ ಇದ್ದದ್ದು ಒಂದು ಬೆರಳು ಆಚೆ. ಯಂತ್ರದ ಅಲೆ ಗಾಳಿಯನ್ನು ದಾಟಲಾರದು. ಗಾಳಿ ಶುರುವಾಗುವ ಅಂಚಿಗೆ ಬಡಿದು ಮರಳುತ್ತದೆ. ಆ ಅಂಚು ತೆರೆಯ ಮೇಲೆ ಬೆಳ್ಳಿ ಗೆರೆಯಾಗಿ ಹೊಳೆಯಿತು. ಅವರಿಗೆ ಉಸಿರಿನ ದಡವನ್ನೇ ಕಂಡಂತಾಯಿತು. ಆಮೇಲೆ ಕಷ್ಟದ ಕತ್ತು ಬಂದಾಗಲೆಲ್ಲ ಮೊದಲು ಯಂತ್ರ, ಆಮೇಲೆ ಉಳಿದದ್ದು.

ಕೆಂಪಮ್ಮ ಬಂದದ್ದು ಅಲ್ಲಿನ ದೊಡ್ಡ ಬ್ಯಾಂಕುಗಳು ಮುಳುಗಿದ ಮರುವರ್ಷ. ಮಂಡ್ಯದ ಕಡೆಯವರು, ಅದೇ ರಾಜ್ಯದ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿದ್ದ ಮಗಳು ಶೈಲಜಾಳನ್ನು ನೋಡಲು ಬಂದಿದ್ದರು. ಕೆಂಪಮ್ಮನ ಕತ್ತಿನಲ್ಲಿದ್ದ ಹಳೆಯ ಗಳಗಂಡದ ಗಡ್ಡೆ ಆ ಚಳಿಗಾಲದಲ್ಲಿ ಒಳಮುಖವಾಗಿ ಬೆಳೆದು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಊರಿಗೆ ಮರಳುವಷ್ಟು ಸಮಯವಿಲ್ಲ, ಕೂಡಲೇ ತೆಗೆಯಬೇಕು ಎಂದರು ವೈದ್ಯರು.

ಹಣದ ಮುಗ್ಗಟ್ಟಿನಿಂದ ಹೊಸ ಯಂತ್ರ ಕೊಳ್ಳುವುದನ್ನು ಆಸ್ಪತ್ರೆ ನಿಲ್ಲಿಸಿತ್ತು; ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಸ್ವಂತದ್ದು ಇರಲಿಲ್ಲ. ನಯೀಮಾ ಹೆರಿಗೆ ವಾರ್ಡಿನದನ್ನು ಕೇಳಿ ತಂದು, ಪೊರೆಯ ಮೇಲೆ ನೇರಳೆ ಇಂಕಿನ ಗೆರೆ ಎಳೆದು, ಯಂತ್ರವನ್ನು ಹಿಂದಕ್ಕೆ ಕಳಿಸಿದರು.

ಅವರು ಅತ್ತ ಹೋದಾಗ ನರ್ಸ್ ಬಂದು ಕೆಂಪಮ್ಮನ ಮೈಮೇಲಿನ ಒಡವೆಯನ್ನೆಲ್ಲ ತೆಗೆಸಿದಳು. ಕರಿಮಣಿ ಹೋದ ಕತ್ತನ್ನು ಕೆಂಪಮ್ಮ ಒಪ್ಪಲಿಲ್ಲ. ಶೈಲಜಾ ಅರಿಶಿನದ ದಾರ ತಂದಿದ್ದಳು. ಕಟ್ಟುವ ಮೊದಲು ನೇರಳೆ ಕಲೆಯನ್ನು ಕಂಡು, ಪಕ್ಕದಲ್ಲಿದ್ದ ಸ್ಪಿರಿಟ್ ಬಟ್ಟೆಯಿಂದ ಚೆನ್ನಾಗಿ ತಿಕ್ಕಿ, ಮೇಲೆ ಅರಿಶಿನ ಹಚ್ಚಿದಳು.

ನಯೀಮಾ ಮರಳಿದಾಗ ಕತ್ತು ಹಳದಿಯಾಗಿತ್ತು. ಗೆರೆ ಇರಲಿಲ್ಲ.

ಇಂಕು ತಾಗಿದೆ ಅಂದುಕೊಂಡೆ ಎಂದಳು ಶೈಲಜಾ, ಮುಖ ಸಣ್ಣದು ಮಾಡಿ.

"ಬೋಳು ಕತ್ತಲ್ಲಿ ಹೆಂಗವ್ವ ಹೋಗ್ಲಿ," ಎಂದರು ಕೆಂಪಮ್ಮ. "ನಮ್ಮೆಜಮಾನ್ರು ಇನ್ನೂ ಗಟ್ಟಿಯಾಗವ್ರೆ."

"ದಾರ ಕೈಗೆ ಕಟ್ಕೊಳ್ಳಿ ಅಮ್ಮ. ಕತ್ತು ಇವತ್ತೊಂದಿನ ನಂದು."

"ತಗೋ, ನಿಂದೇ. ಜ್ವಾಪಾನ."

ಶಸ್ತ್ರವೈದ್ಯರು ಬಾಗಿಲಲ್ಲಿ ನಿಂತು, ಬೆರಳಿದೆಯಲ್ಲ, ಅದು ಸಾಲದೇ ಎಂದು ಕೇಳಿದರು. ಸಾಲದು, ಯಂತ್ರಕ್ಕೆ ಕಾಯುತ್ತೇನೆ ಎಂದರು ನಯೀಮಾ. ಅರಿಶಿನ ಒರೆಸಿದರು. ಹೆರಿಗೆಯೊಂದು ಮುಗಿದ ಮೇಲೆ ಯಂತ್ರ ಬಂತು. ತಣ್ಣನೆಯ ಜೆಲ್ಲಿಗೆ ಕೆಂಪಮ್ಮ ಹಲ್ಲು ಕಚ್ಚಿದರು. ತೆರೆಯಲ್ಲಿ ಬೆಳ್ಳಿ ಗೆರೆ ಮೂಡಿತು. ಅದರ ಮೇಲೆ ಶ್ವಾಸನಾಳದ ಉಂಗುರಗಳು ಸಾಲಾಗಿ, ಕಪ್ಪಗೆ.

ಕೆಂಪಮ್ಮ ಕಣ್ಣು ಹೊರಳಿಸಿ ನೋಡಿದರು. "ಇದೇನವ್ವ, ಕರಿಮಣಿ ಒಳಗೇ ಅದೆ."

ನಯೀಮಾ ತೆರೆಯತ್ತ ಬಾಗಿದರು. ಎಷ್ಟೋ ಕತ್ತುಗಳಲ್ಲಿ ಕಂಡಿದ್ದ ಆ ಸಾಲನ್ನು ಈಗಷ್ಟೇ ನೋಡಿದವರಂತೆ ನೋಡುತ್ತಿದ್ದರು. ಗಡ್ಡೆ ಅದನ್ನು ಎಡಕ್ಕೆ ತಳ್ಳಿತ್ತು; ಬೆರಳು ನಂಬಿ ನಡುವೆ ಸೀಳಿದ್ದರೆ ಸಿಗುತ್ತಿದ್ದದ್ದು ರಕ್ತ ಮಾತ್ರ. ಗಲ್ಲದ ಕಡೆಯ ಕೊನೆಯ ಮಣಿಯ ಮೇಲಿನ ಸಂದಿನಲ್ಲಿ, ಆ ಪೊರೆ ಇದ್ದಲ್ಲಿ, ಹೊಸ ಗೆರೆ ಎಳೆದರು.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ಗಂಟಲು ಮರಗಟ್ಟಿಸಿ ನಳಿಗೆ ಇಳಿಸಿದರೆ ಅದು ಅರ್ಧದಲ್ಲೇ ಸಿಕ್ಕಿಕೊಂಡಿತು. ರಕ್ತದಲ್ಲಿನ ಆಮ್ಲಜನಕ ಇಳಿದಂತೆ ಅದನ್ನು ಅಳೆಯುವ ಯಂತ್ರದ ಸ್ವರವೂ ಮೆಲ್ಲಗೆ ಕೆಳಗಿಳಿಯತೊಡಗಿತು. ಶಸ್ತ್ರವೈದ್ಯರು ನೇರಳೆ ಗೆರೆಯ ಮೇಲೆ ಚಾಕುವಿನ ತುದಿ ತಂದರು. ನಯೀಮಾ ಇನ್ನೂ ಸಣ್ಣ ನಳಿಗೆ ಕೇಳಿ, ಗೆರೆ ಹೇಳಿದ ಹಾಗೆ ಎಡಕ್ಕೆ ಓರೆ ಮಾಡಿ ಇಳಿಸಿದರು. ಅದು ಹೋಯಿತು. ಸ್ವರ ಮೇಲೇರಿತು. ಚಾಕು ತಟ್ಟೆಗೆ ಮರಳಿತು.

ಸಂಜೆ ಕೆಂಪಮ್ಮ ಅಂಗಾತ ಮಲಗಿ ನಿದ್ದೆ ಹೋಗಿದ್ದರು. ಬಾಗಿಲ ಹೊರಗೆ ಶೈಲಜಾ ನಯೀಮಾರನ್ನು ತಡೆದು ಕೇಳಿದಳು:

"ಹಾಗಾದ್ರೆ ಡಾಕ್ಟರ್, ಆ ಗುರುತು ಬೇಕೇ ಆಗ್ಲಿಲ್ವಾ?"

"ಕುಯ್ಯೋದಕ್ಕೆ ಬೇಕಾಗ್ಲಿಲ್ಲ. ಆದ್ರೆ ಗಾಳಿ ಎಲ್ಲಿದೆ ಅಂತ ಗೊತ್ತಿತ್ತಲ್ಲ, ಅದಕ್ಕೇ ನಳಿಗೆ ಎಡಕ್ಕೆ ಓರೆ ಮಾಡ್ದೆ. ಒಳಗೆ ಹೋಗಿ, ಅಮ್ಮನ ಹತ್ರ ಕೂತ್ಕೊಳ್ಳಿ. ಮೇಲೆ ಇನ್ನೊಬ್ರು ಕಾಯ್ತಿದ್ದಾರೆ, ಅವರ ಕತ್ತೂ ನೋಡ್ಬೇಕು," ಎನ್ನುತ್ತ ನಯೀಮಾ ಆಗಲೇ ಲಿಫ್ಟಿನ ಕಡೆಗೆ ಹೊರಟಿದ್ದರು.