ಸಮುದ್ರದ ಪೆಟ್ಟಿಗೆ ಮತ್ತು ಬಿ.ಜಿ. ಕೆರೆಯ ಓಬಳೇಶಣ್ಣ

ಹೌದು, ಅದೇ ಓಬಳೇಶಣ್ಣ, ಗಾಳಿ ಕಂಬ ಹತ್ತುವವನು. ಬಿ.ಜಿ. ಕೆರೆ ದಾಟಿದ ಮೇಲೆ ಮರಡಿಯ ನೆತ್ತಿಯಲ್ಲಿ ಸಪೂರ ಕಬ್ಬಿಣದ ಕಂಬವೊಂದು ನಾಲ್ಕು ಕಡೆ ತಂತಿ ಎಳೆಸಿಕೊಂಡು ನಿಂತಿತ್ತಲ್ಲ, ಅದನ್ನು ನಿಲ್ಲಿಸಿದ್ದು ಅವನೇ. ತುದಿಯಲ್ಲಿ ಗಿರಗಿರ ತಿರುಗುವ ಬಟ್ಟಲು, ಅದರ ಕೆಳಗೆ ಗಾಳಿಯ ದಿಕ್ಕು ತೋರಿಸುವ ಬಾಲದ ಮುಳ್ಳು, ಎರಡನ್ನೂ ಕೂರಿಸಿ ಬೋಲ್ಟು ಬಿಗಿದದ್ದೂ ಅವನೇ. ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳನ್ನು ಎಲ್ಲಿ ನಿಲ್ಲಿಸಬೇಕು ಎಂದು ಮೊದಲು ಹೇಳುವುದು ಇಂಥ ಕಂಬ. ಸುತ್ತಮುತ್ತ ಫ್ಯಾನುಗಳೆಲ್ಲ ಎದ್ದಾಯಿತು, ಕಂಬದ ಕೆಲಸ ಮುಗಿಯಿತು, ಇನ್ನು ಬಿಚ್ಚಿ ಲಾರಿಗೆ ಹಾಕುವುದೇ ಬಾಕಿ ಅನ್ನುವ ಹೊತ್ತಿಗೆ ಆ ಪೆಟ್ಟಿಗೆ ಬಂತು.

ಬಿಳಿ ಪೆಟ್ಟಿಗೆ, ಹೆಚ್ಚುಕಡಿಮೆ ಹಿಟ್ಟಿನ ಗಿರಣಿಯ ಯಂತ್ರದ ಗಾತ್ರದ್ದು. ಮೇಲೆ ಒಂದು ಗಾಜಿನ ಕಿಟಕಿ. ಇದರ ಹೆಸರು ಲೈಡಾರು, ಇದು ಸಮುದ್ರದ ಮೇಲಿನ ಗಾಳಿ ಅಳೆಯುವುದಕ್ಕೆ ಎಂದು ಅದರ ಜೊತೆ ಬಂದ ಇಂಜಿನಿಯರ್ ಮೇಘಾ ಹೇಳಿದಳು. ಕರಾವಳಿಯಿಂದ ದೂರ, ನೀರಿನಲ್ಲಿ ತೇಲುವ ದೊಡ್ಡ ಬುರುಡೆಯ ಮೇಲೆ ಇದನ್ನು ಕೂರಿಸುತ್ತಾರಂತೆ, ಮುಂದೆ ಅಲ್ಲೂ ಫ್ಯಾನು ಬರುತ್ತವಂತೆ.

ಮರಡಿಯ ಪಕ್ಕದ ಶೇಂಗಾ ಹೊಲದ ಉಗ್ರಪ್ಪ ಕೈಕಟ್ಟಿ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ಬಂದ.

‘ಲೇ ಓಬಳೇಶ, ಸಮುದ್ರದ ಗಾಳಿ ಅಳೆಯೋದಾದ್ರೆ ಸಮುದ್ರಕ್ಕೆ ಹೋಗ್ಬೇಕಪ್ಪ. ನಮ್ಮೂರಾಗೆ ಕುಡಿಯಾಕೇ ನೀರಿಲ್ಲ, ಇಲ್ಲಿಗ್ಯಾಕ್ಲೇ ತಂದವ್ರೆ?’

ಓಬಳೇಶಣ್ಣನಿಗೂ ಅದೇ ಅರ್ಥವಾಗಿರಲಿಲ್ಲ. ಮೇಘಾಳನ್ನು ಕೇಳಿದ. ನೀರಿಗೆ ಬಿಟ್ಟ ಮೇಲೆ ಪೆಟ್ಟಿಗೆ ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ಮೊದಲು ನೆಲದ ಮೇಲೆ ಒಂದು ಒಳ್ಳೆ ಕಂಬದ ಪಕ್ಕ ನಿಲ್ಲಿಸಿ ಇಬ್ಬರ ಮಾತೂ ಒಂದೇನಾ ಎಂದು ನೋಡುವುದು ಎಂದಳು ಅವಳು. ಕಂಬ ಸಾಕ್ಷಿ, ಪೆಟ್ಟಿಗೆ ಪರೀಕ್ಷೆಗೆ ಕೂತಿರುವುದು. ಒಪ್ಪಿಗೆಯಾದರೆ ಪೆಟ್ಟಿಗೆ ತೂತುಕುಡಿಯ ಸಮುದ್ರಕ್ಕೆ, ಅದರ ಜೊತೆ ಬಿಗಿಯುವ ಬಿಚ್ಚುವ ಕೆಲಸಕ್ಕೆ ಓಬಳೇಶಣ್ಣನೂ. ಒಪ್ಪಿಗೆಯಾಗದಿದ್ದರೆ ಪೆಟ್ಟಿಗೆ ಬಂದ ದಾರಿಗೆ, ಓಬಳೇಶಣ್ಣ ಮನೆಗೆ.

ಸಮುದ್ರ ನೋಡದವನು ಓಬಳೇಶಣ್ಣ. ಅವನ ಹಟ್ಟಿಯಲ್ಲಿ ಯಾರೂ ನೋಡಿಲ್ಲ. ಅಲ್ಲಿಗೆ ಹೋಗಬೇಕು ಅನ್ನುವ ಆಸೆ ಒಳಗೆ ಎಷ್ಟಿತ್ತೆಂದರೆ, ದಿನಾ ಬೆಳಿಗ್ಗೆ ಪೆಟ್ಟಿಗೆಯ ಗಾಜು ಒರೆಸುವಾಗ ಒಂದು ಸಲ ಅದಕ್ಕೆ ಕೈಮುಗಿದೇ ಮರಡಿ ಇಳಿಯುತ್ತಿದ್ದ.

ಆದರೆ ಪೆಟ್ಟಿಗೆಯ ನಡೆ ಮಾತ್ರ ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಬಟ್ಟಲಿಲ್ಲ, ಬಾಲವಿಲ್ಲ, ನೆಲದ ಮೇಲೆ ಕೂತೇ ಮೇಲಿನ ಗಾಳಿ ಹೇಳುತ್ತದೆ. ಬೆಳಕು ಮೇಲಕ್ಕೆ ಹೋಗಿ, ಗಾಳಿಯಲ್ಲಿ ತೇಲುವ ಸಣ್ಣ ಧೂಳಿಗೆ ತಾಗಿ ವಾಪಸ್ ಬರುತ್ತೆ, ಧೂಳು ಓಡುವ ವೇಗವೇ ಗಾಳಿಯ ವೇಗ ಎಂದು ಮೇಘಾ ಬಿಡಿಸಿ ಹೇಳಿದಳು. ಅಂದರೆ ಇದು ಗಾಳಿ ನೋಡುವುದಿಲ್ಲ, ಧೂಳು ನೋಡುತ್ತದೆ. ಸಮುದ್ರದಲ್ಲಿ ಧೂಳೆಲ್ಲಿದೆ ಎಂದು ಕೇಳಿದರೆ, ಅಲ್ಲಿ ಉಪ್ಪಿರುತ್ತೆ ಎಂದಳು. ಉಪ್ಪು ಹಾರುತ್ತದಾ ಎಂದು ಅವನು ಆ ದಿನವೆಲ್ಲ ಯೋಚನೆ ಮಾಡಿದ.

ಸಂಕ್ರಾಂತಿ ಕಳೆದ ಮೇಲೆ ಮೇಘಾ ಲ್ಯಾಪ್‌ಟಾಪು ಹಿಡಿದು ಸಪ್ಪೆ ಮುಖ ಮಾಡಿಕೊಂಡು ಬಂದಳು. ಗಾಳಿಯ ವೇಗ ಕಂಬಕ್ಕೂ ಪೆಟ್ಟಿಗೆಗೂ ಅಚ್ಚು ಹೊಡೆದ ಹಾಗೆ ಸರಿ. ದಿಕ್ಕು ಮಾತ್ರ ಸರಿಯಿಲ್ಲ. ಕಂಬ ಒಂದು ಕಡೆ ಅಂದರೆ ಪೆಟ್ಟಿಗೆ ಸ್ವಲ್ಪ ಪಕ್ಕಕ್ಕೆ ಅನ್ನುತ್ತದೆ. ಯಾವಾಗಲೂ ಅದೇ ಪಕ್ಕಕ್ಕೆ, ಅಷ್ಟೇ ದೂರ. ಪೆಟ್ಟಿಗೆ ವಾಪಸ್ ಕಳಿಸಬೇಕಾಗಬಹುದು ಎಂದಳು.

ಓಬಳೇಶಣ್ಣನಿಗೆ ಕಾಲ ಕೆಳಗಿನ ಕಲ್ಲು ಜಾರಿದಂತಾಯಿತು. ವೇಗದಲ್ಲಿ ನಿಜ ಹೇಳುವುದು ದಿಕ್ಕಿನಲ್ಲಿ ಯಾಕೆ ಸುಳ್ಳು ಹೇಳುತ್ತದೆ? ಮನೆಗೆ ಬಂದವನು ಊಟಕ್ಕೆ ಕೂತು ಮುದ್ದೆ ಮುರಿಯುವುದನ್ನೇ ಮರೆತ. ಅವನ ಅವ್ವ ಯರ್ರಮ್ಮ ರಾಯದುರ್ಗದ ಕಡೆಯವಳು, ಮಗನನ್ನು ಇವತ್ತಿಗೂ ತೆಲುಗಿನಲ್ಲಿ ನಾಯನಾ ಅಂತಲೇ ಕರೆಯುವುದು. ಸಮುದ್ರದ ಪೆಟ್ಟಿಗೆ ತಾನೇ, ನೀರು ಕಾಣದೆ ಅದಕ್ಕೆ ದಿಕ್ಕು ತಪ್ಪಿರಬೇಕು ಬಿಡು ಎಂದು ಸಮಾಧಾನ ಹೇಳಿದಳು. ಅವನಿಗೆ ಅದೂ ಇರಬಹುದು ಅನ್ನಿಸಿತು.

ಮರುದಿನ ಮೇಘಾ ಕೊನೆಯದೊಂದು ಪರೀಕ್ಷೆ ಮಾಡೋಣ ಎಂದಳು. ಪೆಟ್ಟಿಗೆ ತನ್ನ ದಿಕ್ಕನ್ನು ಉಪಗ್ರಹದಿಂದ ತಿಳಿದುಕೊಳ್ಳುತ್ತದೆ. ಅದು ಸರಿಯೋ ತಪ್ಪೋ ನೋಡಲು ದಿಕ್ಸೂಚಿ ಇಟ್ಟರೆ ಕಂಬದ ಕಬ್ಬಿಣ ಅದರ ಮುಳ್ಳನ್ನು ಎಳೆಯುತ್ತದೆ. ಹಾಗಾಗಿ ಬಯಲಲ್ಲಿ ಒಂದು ಕೋಲು ನೆಟ್ಟು ಬಿಸಿಲಿಗೆ ಕಾದರು. ಕೋಲಿನ ನೆರಳು ತೀರಾ ಗಿಡ್ಡವಾದಾಗ ಅದು ತೋರಿಸುವುದೇ ಅಸಲಿ ಉತ್ತರ ದಿಕ್ಕು ಎಂದಳು. ಪೆಟ್ಟಿಗೆ ಹೇಳುವ ದಿಕ್ಕೂ ನೆರಳೂ ಒಂದೇ ಗೆರೆಯಲ್ಲಿ ಕೂತವು. ಪೆಟ್ಟಿಗೆ ಸರಿಯಾಗಿತ್ತು.

ಓಬಳೇಶಣ್ಣ ಆ ನೆರಳಿನ ಗೆರೆ ಹಿಡಿದು ದೂರಕ್ಕೆ ನೋಡಿದ. ಎದುರಿಗೆ ಬರಬೇಕಾಗಿದ್ದ ಜಟಿಂಗ ರಾಮೇಶ್ವರ ಎದುರಿಗಿರಲಿಲ್ಲ. ಬೆಟ್ಟ ಬಲಗಡೆಗೆ ಸರಿದು ನಿಂತಿತ್ತು.

ಅವರ ಮನೆಯಲ್ಲಿ ಉತ್ತರ ದಿಕ್ಕೆಂದರೆ ಜಟಿಂಗ ರಾಮೇಶ್ವರದ ಬೆಟ್ಟ. ಆ ಕಡೆ ತಲೆ ಹಾಕಿ ಮಲಗಬಾರದು, ಒಲೆ ಆ ಕಡೆಗೆ ಮುಖ ಮಾಡಬಾರದು, ಯಾರಾದರೂ ತೀರಿಕೊಂಡರೆ ಮಾತ್ರ ತಲೆ ಅತ್ತ ಇರಬೇಕು. ತಾತನ ಕಾಲದಿಂದ ನಡೆದು ಬಂದದ್ದು, ಯಾರೂ ಅಳೆದು ನೋಡಿದ್ದಲ್ಲ. ಕಂಬ ನಿಲ್ಲಿಸಿದ ದಿನ ತುದಿಯಲ್ಲಿ ದಿಕ್ಸೂಚಿ ಅತ್ತಿತ್ತ ಅಲೆದಾಡಿದಾಗ ಓಬಳೇಶಣ್ಣ ಅದನ್ನು ಜೇಬಿಗೆ ಹಾಕಿಕೊಂಡು, ದೂರದಲ್ಲಿ ಮಸುಕಾಗಿ ಕಂಡ ಬೆಟ್ಟಕ್ಕೆ ಕೈಮುಗಿದು, ಮುಳ್ಳಿನ ಬುಡದಲ್ಲಿರುವ ಉತ್ತರದ ಗುರುತನ್ನು ಅದಕ್ಕೇ ನೇರ ಇಟ್ಟು ಬಿಗಿದಿದ್ದ. ದೇವರಿಗಿಂತ ಭದ್ರವಾದ ಗುರುತು ಯಾವುದು ಎಂದುಕೊಂಡಿದ್ದ. ಫ್ಯಾನುಗಳು ಗಾಳಿ ಬಂದತ್ತ ತಾವೇ ಮುಖ ತಿರುಗಿಸುವುದರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಲೇ ಇಲ್ಲ.

ಈಗ ಏನು ನಂಬಬೇಕೋ ಅವನಿಗೆ ತಿಳಿಯಲಿಲ್ಲ. ಸೂರ್ಯನೂ ದೇವರು, ರಾಮೇಶ್ವರನೂ ದೇವರು. ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುತ್ತಿಲ್ಲ, ನಡುವೆ ಇವನೊಬ್ಬ ಬೋಲ್ಟು ಬಿಗಿಯುವ ಪಾನಾ ಹಿಡಿದು ನಿಂತಿದ್ದಾನೆ.

ಮೇಘಾ ಕಂಬದ ತುದಿ ನೋಡಿದಳು. ಹಾಗಾದರೆ ತಪ್ಪು ಕಂಬದ್ದೇ, ಬೋಲ್ಟು ಸಡಿಲವಾಗಿ ಮುಳ್ಳಿನ ಬುಡವೇ ಗಾಳಿಗೆ ತಿರುಗಿಕೊಂಡಿರಬೇಕು, ಹಾಗೆಂದೇ ಬರೆದು ಕಳಿಸುತ್ತೇನೆ ಎಂದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಗಾಳಿಗೆ ಬೋಲ್ಟು ಸಡಿಲವಾದರೆ ಯಾರೂ ಯಾರನ್ನೂ ಬೈಯುವುದಿಲ್ಲ. ದಿಕ್ಕನ್ನೇ ತಪ್ಪು ಹಿಡಿದವನನ್ನು ಮಾತ್ರ ಸಮುದ್ರಕ್ಕೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ಇಷ್ಟೂ ಅವನಿಗೆ ಗೊತ್ತಿತ್ತು. ಆದರೂ ಸಡಿಲ ಅನ್ನುವ ಮಾತನ್ನು ಅವನು ಒಪ್ಪಲಾರದೆ ಹೋದ.

‘ನಾನು ಬಿಗಿದ ಬೋಲ್ಟು ಅಲ್ಲಾಡಲ್ಲ ಮೇಡಂ.’

‘ಮತ್ತೆ ಮುಳ್ಳಿನ ಬುಡ ಹೆಂಗೆ ತಿರುಗ್ತು ಓಬಳೇಶಣ್ಣ?’

‘ತಿರುಗಿಲ್ಲ. ಮೊದ್ಲಿಂದ್ಲೂ ಹಂಗೇ ಐತೆ. ನಾನೇ ಬೆಟ್ಟ ನೋಡ್ಕೊಂಡು ಇಟ್ಟಿದ್ದು.’

ಹೇಳಿದವನೇ ಸರಂಜಾಮು ಸೊಂಟಕ್ಕೆ ಕಟ್ಟಿಕೊಂಡು ಕಂಬ ಹತ್ತಿ, ಬೋಲ್ಟು ಅಲ್ಲಾಡಿದರೆ ಗೊತ್ತಾಗಲೆಂದು ಅದರ ಮೇಲೆ ತಾನು ಅವತ್ತು ಬಳಿದಿದ್ದ ಕೆಂಪು ಬಣ್ಣ ಒಂದು ಕೂದಲೆಳೆಯಷ್ಟೂ ಬಿರಿಯದಿರುವುದನ್ನು ಫೋಟೋ ಹಿಡಿದು ತಂದು ಅವಳ ಕೈಗೆ ಕೊಟ್ಟ. ಇನ್ನು ಬೈಗುಳಕ್ಕೆ ಕಾದ. ಮೇಘಾ ಫೋಟೋ ದೊಡ್ಡದು ಮಾಡಿ ನೋಡಿದಳು, ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು, ಆಮೇಲೆ ನಗಲು ಶುರು ಮಾಡಿದಳು. ಅವನಿಗೆ ಇನ್ನೂ ಗಲಿಬಿಲಿಯಾಯಿತು.

ಮುಳ್ಳಿನ ಬುಡ ನಡುವೆ ಯಾವಾಗಲೋ ತಿರುಗಿದ್ದರೆ ಯಾವ ದಿನದಿಂದ ತಪ್ಪು ಎಂದು ಹೇಳಲಾಗದೆ ಕಂಬದ ಹಳೇ ಲೆಕ್ಕವೆಲ್ಲ ಕಸಕ್ಕೆ ಹೋಗುತ್ತಿತ್ತಂತೆ, ಸಾಕ್ಷಿಯೇ ಸುಳ್ಳಾದ್ದರಿಂದ ಪೆಟ್ಟಿಗೆಗೂ ಒಪ್ಪಿಗೆ ಸಿಗುತ್ತಿರಲಿಲ್ಲವಂತೆ. ಮೊದಲ ದಿನದಿಂದ ಒಂದೇ ಸಮನೆ ತಪ್ಪಿದ್ದರೆ ಎಲ್ಲವನ್ನೂ ಅಷ್ಟೇ ಪಕ್ಕಕ್ಕೆ ಸರಿಸಿದರಾಯಿತು. ಅವಳು ಸರಿಸಿ ತೋರಿಸಿದಳು. ಕಂಬದ ಗೆರೆ ಪೆಟ್ಟಿಗೆಯ ಗೆರೆಯ ಮೇಲೆ ಹೋಗಿ ಕೂತಿತು.

‘ಬೆಟ್ಟ ನೋಡಿ ಉತ್ತರ ಇಟ್ಟಿದ್ದಕ್ಕೆ ಆಫೀಸ್ನೋರು ಬೈತಾರೆ, ಬೈಸ್ಕೊಳ್ಳಿ. ಆಮೇಲೆ ಬ್ಯಾಗು ರೆಡಿ ಮಾಡ್ಕೊಳ್ಳಿ.’

ಬೈದರು ಕೂಡ, ಫೋನಿನಲ್ಲಿ, ಇಂಗ್ಲಿಷಿನಲ್ಲಿ. ಓಬಳೇಶಣ್ಣ ಎಲ್ಲದಕ್ಕೂ ಎಸ್ ಸಾರ್ ಎಂದ. ಆ ತಿಂಗಳೇ ಪೆಟ್ಟಿಗೆಯ ಜೊತೆ ತೂತುಕುಡಿಗೆ ಹೋದ. ಮೊದಲ ದಿನ ದೋಣಿಯಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದ, ಎರಡನೇ ದಿನ ಪೆಟ್ಟಿಗೆಯ ಬೋಲ್ಟು ಬಿಗಿದ. ಗಾಳಿ ಅಷ್ಟೊಂದು ಬೀಸುತ್ತದೆ, ಅಲ್ಲಾಡುವುದಕ್ಕೆ ಒಂದು ಜಾಲಿ ಗಿಡವೂ ಇಲ್ಲ, ಯಾರಿಗಾಗಿ ಬೀಸುತ್ತದೋ ಅರ್ಥವಾಗಲಿಲ್ಲ ಎಂದು ಬಂದು ಅವ್ವನ ಹತ್ತಿರ ಹೇಳಿದನಂತೆ.

ಈಗ ಅಲ್ಲಿ ಸ್ವಲ್ಪ ದಿನ, ಇಲ್ಲಿ ಸ್ವಲ್ಪ ದಿನ. ಊರಲ್ಲಿದ್ದಾಗ ಉಗ್ರಪ್ಪನ ಹೊಲದ ಬದುವಿನ ಮೇಲೆ ಕೂತು ಸಮುದ್ರದ ವಿಷಯ ಹೇಳುತ್ತಾನೆ, ಅರ್ಧ ಹೇಳಿ ಅರ್ಧಕ್ಕೆ ತಾನೇ ನಿಲ್ಲಿಸಿ, ಅದು ಹೆಂಗೋ ಗೊತ್ತಿಲ್ಲಪ್ಪ ಅನ್ನುತ್ತಾನೆ. ಕೇಳುವುದಕ್ಕೆ ಬಹಳ ಚೆಂದ. ಚಳ್ಳಕೆರೆಯಿಂದ ಬಳ್ಳಾರಿ ಬಸ್ಸು ಹತ್ತಿ ಬಿ.ಜಿ. ಕೆರೆಯಲ್ಲಿ ಇಳಿಯಿರಿ, ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಮನೆ ತೋರಿಸುತ್ತಾರೆ. ಒಂದು ಸಲ ಹೋಗಿ ಮಾತಾಡಿಸಿಕೊಂಡು ಬನ್ನಿ.