ತಿಂದು ತೋರಿಸಿದರೆ ಮಾತ್ರ

ಸರೋಜಕ್ಕ ಟೋಟೆಮ್ ಲೇಕ್‌ನ ಸಾಕುಮೀನಿನ ಅಂಗಡಿಯಲ್ಲಿ ಕಡಲಕುದುರೆ ಆರಿಸುತ್ತಿದ್ದರೆ, ಕೊಳ್ಳಲು ಬಂದಿದ್ದಾರೋ ಜಗಳಕ್ಕೆ ಬಂದಿದ್ದಾರೋ ಯಾರಿಗೂ ತಿಳಿಯುತ್ತಿರಲಿಲ್ಲ. ಗಾಜಿಗೆ ಮೂಗು ತಾಗಿಸಿ, ಸೊಂಟದ ಮೇಲೆ ಕೈಯಿಟ್ಟು, "ಫಸ್ಟ್ ಈಟಿಂಗ್, ದೆನ್ ಬೈಯಿಂಗ್!" ಎಂದು ಗದರುತ್ತಿದ್ದರು. ಬೆಳಗ್ಗೆಯೇ ತಿಂದಿದೆ ಎಂದು ಅಂಗಡಿಯವನು ಹೇಳಿದರೆ ನನ್ನ ಕಡೆ ತಿರುಗಿ, "ಕೇಳಿದ್ಯೇನೇ? ಹುಡುಗ ಸಿಗರೇಟು ಮುಟ್ಟಲ್ಲ ಅಂತ ಗಂಡಿನ ಕಡೆಯವರು ಅಂದ ಹಾಗಿದೆ!" ಎನ್ನುತ್ತಿದ್ದರು.

ಅಮೆರಿಕದ ಬಾಥೆಲ್‌ನಲ್ಲಿ ನಾವು ಅಕ್ಕಪಕ್ಕದ ಮನೆಯವರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನನಗಾಗ ಕಾರು ಓಡಿಸಲು ಬರುತ್ತಿರಲಿಲ್ಲ. ಕನ್ನಡದಲ್ಲಿ ಬೈಯುವ ಒಂದು ಜೀವವನ್ನು ದೇವರು ಪಕ್ಕದಲ್ಲೇ ಇಟ್ಟನಲ್ಲ ಎಂದು ದೀಪ ಹಚ್ಚುವಾಗ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತಿದ್ದೆ.

ಅವರ ಪರೀಕ್ಷೆ ಕಠಿಣ. ಬಾಲ ತೊಟ್ಟಿಯೊಳಗಿನ ಕಡ್ಡಿಯನ್ನು ಬಿಗಿಯಾಗಿ ಹಿಡಿದಿರಬೇಕು. ಎರಡು ಕಣ್ಣು ಎರಡು ಕಡೆ ಹೊರಳಬೇಕು. ಎದೆಯ ಕೆಳಗೆ ಗುಳಿ ಬಿದ್ದಿರಬಾರದು. "ಸಮುದ್ರದಿಂದ ಹಿಡಿದು ತಂದಿದ್ದು ಬೇಡ. ಅದು ಜೀವಂತ ಹುಳಾನೇ ಬೇಕು ಅಂತ ಹಟ ಹಿಡಿದು ಸಾಯುತ್ತೆ. ತೊಟ್ಟೀಲಿ ಹುಟ್ಟಿದ್ದಾದ್ರೆ ಫ್ರೀಜರ್ ಸೀಗಡಿ ತಿನ್ನುತ್ತೆ." ಹಾಗೆ ಮೂರು ಅಂಗಡಿ ಸುತ್ತಿ ತಂದದ್ದು ಒಂದು ಜೋಡಿ, ಹಳದಿ ಬಣ್ಣದ್ದು.

ಸರೋಜಕ್ಕ ಮೊಟ್ಟೆಯನ್ನೂ ಮುಟ್ಟದವರು. ಎಳ್ಳಿನಷ್ಟು ದಪ್ಪದ ಆ ಸೀಗಡಿಯ ಪೊಟ್ಟಣಕ್ಕೆ ಗ್ಯಾರೇಜಿನಲ್ಲಿ ಬೇರೆ ಪುಟ್ಟ ಫ್ರೀಜರ್, ಬೇರೆ ಬಟ್ಟಲು, ಬೇರೆ ಚಮಚ. ಬೆಳಗ್ಗೆ ಸ್ನಾನವಾದ ಮೇಲೆ, ತಮ್ಮ ಕಾಫಿಗೂ ಮೊದಲು, ಸೀಗಡಿಯನ್ನು ತೊಟ್ಟಿಯ ನೀರಿನಲ್ಲೇ ಕರಗಿಸಿ ಪಿಚಕಾರಿಯಲ್ಲಿ ಅವುಗಳ ಮೂತಿಯ ಮುಂದೆ ಬಿಡುತ್ತಿದ್ದರು. ಕುದುರೆಗಳು ತಿರುಗಿ ನೋಡಿ, ಯೋಚಿಸಿ, ಟಕ್ಕೆಂದು ಹೀರುತ್ತಿದ್ದವು. ಮಧ್ಯಾಹ್ನ ಮತ್ತೆ, ಸಂಜೆ ಮತ್ತೆ. "ಹೊಟ್ಟೆ ಅನ್ನೋ ಚೀಲನೇ ಕೊಟ್ಟಿಲ್ಲ ಕಣೇ ಅವಕ್ಕೆ ದೇವರು. ತಿಂದಿದ್ದು ಹಾಗೇ ಜಾರಿ ಹೋಗುತ್ತೆ. ಹೊತ್ತಿಗೆ ಹಾಕದಿದ್ರೆ ಮುಗೀತು."

ಆ ವರ್ಷ ಅವರ ಗಂಡ ಮೂರ್ತಿಯ ಅಕ್ಕ ಲಲಿತಮ್ಮ ಊರಿನಿಂದ ಬಂದರು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ನಾನು ಸಪಾದದ ಪ್ರಸಾದಕ್ಕೆ ರವೆ ಹುರಿಯಲೆಂದು ಬೆಳಗ್ಗೆಯೇ ಹೋಗಿದ್ದೆ. ಗ್ಯಾರೇಜಿನಿಂದ ಸರೋಜಕ್ಕನ ಕೂಗು ಕೇಳಿತು. ಫ್ರೀಜರ್ ಖಾಲಿ, ಒಳಗೆಲ್ಲ ಶುದ್ಧಿಗೆಂದು ಚಿಮುಕಿಸಿದ ಅರಿಶಿನದ ನೀರು ಹೆಪ್ಪುಗಟ್ಟಿತ್ತು. ಹಿಂದಿನ ಸಂಜೆ ಲಲಿತಮ್ಮ ಎಸೆದ ಪೊಟ್ಟಣವನ್ನು ಕಸದ ಲಾರಿ ಆಗಲೇ ಒಯ್ದಿತ್ತು.

"ಪೂಜೆ ದಿನ ಮನೇಲಿ ಸೀಗಡಿ ಇಟ್ಕೊಂಡು ಕೂರೋಕಾಗುತ್ತಾ? ಒಂದಿನ ಅವೂ ಉಪವಾಸ ಇರಲಿ ಬಿಡು, ಪುಣ್ಯ ಬರುತ್ತೆ" ಎಂದರು ಲಲಿತಮ್ಮ, ಹೂ ಕಟ್ಟುತ್ತ.

"ಹೊಟ್ಟೆನೇ ಇಲ್ಲದ್ದಕ್ಕೆ ಉಪವಾಸಾನಾ? ಪುಣ್ಯ ಬೇಕಿದ್ರೆ ನೀವು ಬಿಡಿ ಊಟ!"

ಮೂರ್ತಿ ಪೂಜೆಯ ಮಣೆ ಸರಿಮಾಡುತ್ತಲೇ ಇದ್ದರು. ಸರೋಜಕ್ಕ ರೇಷ್ಮೆ ಸೀರೆಯಲ್ಲೇ ಕಾರು ಹತ್ತಿದರು. ನಾನು ಒಲೆ ಆರಿಸಿ ಜೊತೆಗೆ ಓಡಿದೆ. ಅಂಗಡಿ ಆಗಷ್ಟೇ ತೆರೆಯುತ್ತಿತ್ತು, ದೇವರ ಕೃಪೆ. ಪುರೋಹಿತರು ಬರುವಷ್ಟರಲ್ಲಿ ಕುದುರೆಗಳು ತಿಂದಾಗಿತ್ತು. ಉಪ್ಪುನೀರು ಸಿಡಿದ ಸೆರಗಿನಲ್ಲೇ ಸರೋಜಕ್ಕ ಸಂಕಲ್ಪಕ್ಕೆ ಕೂತರು. ಆ ಪೂಜೆಯನ್ನು ನಾನೂ ಪ್ರತಿ ವರ್ಷ ಮಾಡುತ್ತೇನೆ. ಬಾಯಿಲ್ಲದ ಜೀವವನ್ನು ಹಸಿವಿನಲ್ಲಿಟ್ಟರೆ ದೇವರು ಒಲಿಯುತ್ತಾನೆಂದು ಯಾವ ಕಥೆಯಲ್ಲೂ ಕೇಳಿಲ್ಲ. 

ವಾರ ಕಳೆಯುವುದರೊಳಗೆ ಮೂರ್ತಿ ಹೇಳಿದರಂತೆ: "ಅಕ್ಕನಿಗೆ ಅವಮಾನ ಆಗಿದೆ. ತೊಟ್ಟಿ ಯಾರಿಗಾದ್ರೂ ಕೊಟ್ಬಿಡು."

"ಅವರಿಗೂ ಬೈಯೋದು ತಾನೇ? ಅಂಗಡಿಯವನಿಗೆ ಬೈತೀರಿ, ನನಗೆ ಬೈತೀರಿ" ಎಂದೆ ನಾನು ಸರೋಜಕ್ಕನಿಗೆ.

"ಅವರನ್ನ ಓದಿಸಿದ್ದು ಅಕ್ಕ ಕಣೇ. ಆ ಋಣ ತಂದು ಬಾಯಿಗೆ ತುರುಕಿದ್ರೆ ನಾನೇನು ಮಾತಾಡ್ಲಿ?"

ನಮ್ಮ ಮನೆಗೆ ತನ್ನಿ ಎಂದೆ. "ಬೇಡ. ನಾಳೆ ನಿನ್ನ ಗಂಡನಿಗೂ ಅಕ್ಕನ ಉಪದೇಶ ಶುರುವಾಗುತ್ತೆ."

ಪಕ್ಕದೂರು ವುಡಿನ್‌ವಿಲ್‌ನಲ್ಲಿ ಕಡಲಕುದುರೆ ಸಾಕುವ ಒಬ್ಬ ಅಮೆರಿಕನ್ ಅಜ್ಜಿ ಸಿಕ್ಕರು. ಬಕೆಟ್ಟನ್ನು ನಾನೇ ಮಡಿಲಲ್ಲಿಟ್ಟುಕೊಂಡು ಹೋದೆ. ಅಜ್ಜಿಯ ತೊಟ್ಟಿಗೆ ಅವನ್ನು ಬಿಟ್ಟ ಮೇಲೆ ಹೊರಡಬಹುದಿತ್ತು. ಸರೋಜಕ್ಕ ಕದಲಲಿಲ್ಲ. "ಫಸ್ಟ್ ಈಟಿಂಗ್" ಎಂದರು. ಗದರಲಿಲ್ಲ, ಕೇಳಿಕೊಂಡರು. ಅಜ್ಜಿ ಕುರ್ಚಿ ತಂದು ಹಾಕಿದರು. ತುಂಬ ಹೊತ್ತು ಕುದುರೆಗಳೆರಡೂ ಒಂದು ಮೂಲೆಯಲ್ಲಿ ಬಾಲ ಹೆಣೆದುಕೊಂಡಿದ್ದವು. ಕೊನೆಗೆ ಗಂಡು ಒಂದು ಸೀಗಡಿ ಹೀರಿತು, ಆಮೇಲೆ ಹೆಣ್ಣು. ಸರೋಜಕ್ಕ ಎದ್ದು ಕಾರಿಗೆ ನಡೆದರು.

ಅದಾದ ಮೇಲೆ ಅವರು ಯಾರಿಗೂ ಬೈದದ್ದನ್ನು ನಾನು ಕೇಳಲಿಲ್ಲ. ಮರುವರ್ಷ ಮೂರ್ತಿಗೆ ಟೆಕ್ಸಾಸ್‌ನಲ್ಲಿ ಕೆಲಸವಾಯಿತು. ಮನೆ ಖಾಲಿ ಮಾಡಿಸಲು ಲಲಿತಮ್ಮ ಮತ್ತೆ ಬಂದಿದ್ದರು. ಕೊನೆಯ ದಿನ ನಾನು ಪುಳಿಯೋಗರೆ ಮಾಡಿಕೊಂಡು ಹೋದೆ, ಉಪ್ಪು ಜಾಸ್ತಿಯಾಗಿತ್ತು. ಏನಾದರೂ ಅನ್ನಲಿ ಎಂದು ಸರೋಜಕ್ಕನ ಮುಖವನ್ನೇ ನೋಡಿದೆ. "ಚೆನ್ನಾಗಿದೆ" ಎಂದು ತಟ್ಟೆ ಖಾಲಿ ಮಾಡಿದರು.

"ನೋಡಿ, ನಮ್ಮ ಸರೋಜ ಎಷ್ಟು ಶಾಂತ ಆಗಿದಾಳೆ! ಎಲ್ಲಾ ದೇವರ ದಯೆ" ಎಂದರು ಲಲಿತಮ್ಮ.

ಮಲಗುವ ಮುಂಚೆ ಆ ದಿನದ ದೇವರ ದಯೆಗಳನ್ನು ಒಂದೊಂದಾಗಿ ನೆನೆಯುವವಳು ನಾನು. ಬಿಸಿಲು ಬಿದ್ದದ್ದು, ಹಾಲು ಉಕ್ಕದೆ ಉಳಿದದ್ದು, ಅಜ್ಜಿಯ ಮನೆಯಲ್ಲಿ ಆ ಕುದುರೆಗಳು ತಿಂದದ್ದು, ಎಲ್ಲವನ್ನೂ ಅವನ ಲೆಕ್ಕಕ್ಕೆ ಸೇರಿಸಿದ್ದೇನೆ. ಲಲಿತಮ್ಮ ಹೇಳಿದ ಆ ಶಾಂತಿಯನ್ನು ಮಾತ್ರ ಸೇರಿಸಿಲ್ಲ. ಅದು ಅವನು ಮಾಡಿದ್ದಲ್ಲ.