ಯಡ್ರಾಮಿ ಬಂದರೆ ಮಲಗುವ ಕೂಸು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆಳಂದದಲ್ಲಿ ಒಂದು ಕೂಸಿನ ನಿದ್ದೆ ಕೆಡಿಸಿದ ಮಹಾಶಯ ನಾನೇ. ಅದೂ ಚಪ್ಪಾಳೆ ಗಿಟ್ಟಿಸಿಕೊಂಡು!

ತಿಪಟೂರಿನವರೇ, ಟೆಲಿಫೋನ್ ಕಚೇರಿಯ ಕೆಲಸಕ್ಕೆಂದು ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ನಾನು ಬೆಚ್ಚಿಬಿದ್ದದ್ದು ಬಿಸಿಲಿಗಲ್ಲ. ಕತ್ತಲಾಗುತ್ತಲೇ ಇಡೀ ಓಣಿ ಹಾಸಿಗೆ ಸುತ್ತಿಕೊಂಡು ಮನೆಯ ನೆತ್ತಿಗೇರಿತು! ನಾವು ಕಿಟಕಿಗೂ ಚಿಲಕ ಹಾಕಿ ಮಲಗುವವರು. ಇಲ್ಲಿ ಮಾಳಗಿಗಳು, ಅಂದರೆ ಮಣ್ಣು ಹಾಕಿದ ಸಮತಟ್ಟು ಚಾವಣಿಗಳು, ಒಂದಕ್ಕೊಂದು ಅಂಟಿಕೊಂಡಿವೆ. ಮೂರು ಮನೆಯಾಚೆ ಯಾರಾದರೂ ಕೆಮ್ಮಿದರೆ ನಮ್ಮ ಮಾಳಗಿಯಿಂದ ಔಷಧಿ ಹೇಳುತ್ತಾರೆ.

ಇಷ್ಟು ಜನ ಸಾಲಾಗಿ ಮಲಗಿದ್ದರೆ ನನ್ನಂಥ ಅಣಕದವನ ನಾಲಿಗೆ ಸುಮ್ಮನಿರುತ್ತದೆಯೇ? ಬಸ್ ಕಂಡಕ್ಟರ್, ನಮ್ಮ ಕಚೇರಿಯ ಸಾಹೇಬರು, ಕೊನೆಗೆ ರೊಟ್ಟಿ ಬಡಿಯುತ್ತ ಬೈಯುವ ಮನೆಯೊಡತಿ ಕಾಶಮ್ಮ, ಎಲ್ಲರನ್ನೂ ಅಣಕಿಸಿ ನಗಿಸುತ್ತಿದ್ದೆ. ಖಡಕ್ ರೊಟ್ಟಿಯನ್ನು ಮುದ್ದೆಯಂತೆ ನುಂಗಲು ಹೋಗಿ ಕಣ್ಣೀರಿಟ್ಟ ತಿಪಟೂರಿನ ಪೆದ್ದನನ್ನೂ, ಅಂದರೆ ನನ್ನನ್ನೂ, ಬಿಡುತ್ತಿರಲಿಲ್ಲ.

"ನನ್ನ ಅಣಕಸ್ತೀರಿ? ನಾಳಿಂದ ನಿಮ್ಮ ರೊಟ್ಟಿ ನೀವಾ ಬಡ್ಕೋರಿ, ಸಾಹೇಬ್ರ!" ಎಂದು ಕಾಶಮ್ಮ ಗದರುವರು. ನಮ್ಮ ಕಡೆ ‘ಲೇ’ ಎಂದರೆ ಜಗಳ. ಇಲ್ಲಿ ಮನೆಯ ಗಂಡಸರನ್ನು ಹಾಗೆಯೇ ಕರೆಯುವುದು. ನಾನು ಮಾತ್ರ ‘ಸಾಹೇಬ್ರ’.

ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅವರ ಮೊಮ್ಮಗ ಶರಣು. ನಾಲ್ಕು ತುಂಬಿದರೂ ಮಾತು ಎರಡೋ ಮೂರೋ. ನಡಿಗೆಯೂ ತಡವಾಗಿ ಬಂದದ್ದು. ನಿದ್ದೆಯಂತೂ ಅವನ ಹತ್ತಿರ ಸುಳಿಯದು. ಅವನ ತಾಯಿ ನೀಲಮ್ಮ ಒಲೆಯ ಮುಂದೆಯೇ ತೂಕಡಿಸಿ ಕೈ ಸುಟ್ಟುಕೊಂಡಿದ್ದರು. ಸೋಲಾಪುರದ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಮಗುವನ್ನು ಒಮ್ಮೆ ನೋಡಿ, ಆಮೇಲಿನದನ್ನೆಲ್ಲ ತಾಯಿಗೆ ಫೋನಿನಲ್ಲೇ ಕಲಿಸುತ್ತಿದ್ದರು: ದಿನಾ ಅದೇ ಹೊತ್ತಿಗೆ ಮೈ ಒರೆಸಿ, ಹಾಲು ಕುಡಿಸಿ, ದೀಪ ಆರಿಸಿ, ಬಾಗಿಲು ಹಾಕಿ, ಮೆಲ್ಲಗೆ ತಟ್ಟಬೇಕು.

ಒಂದು ಭಾನುವಾರ ಶರಣುವನ್ನು ಎತ್ತಿಕೊಂಡು ನಾನೂ ಎಸ್‌ಟಿಡಿ ಬೂತಿನಲ್ಲಿ ನಿಂತಿದ್ದೆ.

"ಎಲ್ಲಾ ಮಾಡಾಕತ್ತೇನ್ರಿ ಬಾಯಿ, ಆದ್ರೂ ಮಲಗವಲ್ಲ," ಎಂದರು ನೀಲಮ್ಮ.

"ದೀಪಾ ಆರಸ್ತೀರಿ?" ಡಾಕ್ಟರರ ದನಿ ನನಗೂ ಕೇಳುತ್ತಿತ್ತು.

"ಹೌದ್ರಿ. ದೀಪಾ ಆರಿಸಿ, ಬಾಗಿಲಾ ಹಾಕಿ, ಕೂಸಿನ್ನ ಕರ್ಕೊಂಡು ಮಾಳಗಿ ಹತ್ತತೇವ್ರಿ."

ಡಾಕ್ಟರ್ ಬಿಡಿಸಿ ಕೇಳಿದರು.

"ಅಂದ್ರ, ಬಾಗಿಲಾ ಹಾಕಿದ ಖೋಲಿ ಒಳಗ ಯಾರದಾರ?"

"ಯಾರೂ ಇಲ್ರಿ. ಖಾಲಿ ಅದರಿ."

"ಮಾಳಗಿ ಮ್ಯಾಲ ಏನ್ ನಡೀತದ?"

ನೀಲಮ್ಮ ನನ್ನ ಮುಖ ನೋಡಿದರು. ರಿಸೀವರನ್ನು ನನ್ನ ಕಿವಿಗಿಟ್ಟರು. ರಾತ್ರಿಯ ಅಣಕವನ್ನೂ ಶರಣುವಿನ ನಗುವನ್ನೂ ನಾನೇ ಒಪ್ಪಿಸಿದೆ. ಬೈಗುಳಕ್ಕೆ ಕಾದವನಿಗೆ ಸಿಕ್ಕಿದ್ದು ಕೆಲಸ!

"ಕೂಸಿಗೆ ನಿಮ್ಮ ದನಿ ಸೇರ್ತದ ಅಂದ್ರ ಅದನ್ನಾ ಬಳಸೂಣು. ದಿನಾ ಒಂದಾ ಆಟ, ಒಂದಾ ದನಿ. ಸಾವಕಾಶ ಸಣ್ಣದು ಮಾಡ್ಕೋತ ಹೋಗ್ರಿ. ಮುಗಿದ ಮ್ಯಾಲ ಪಿಟ್ಟ್ ಅನ್ನಬ್ಯಾಡ್ರಿ."

ಅಂದಿನಿಂದ ನಾನು ಕಂಡಕ್ಟರ್ ಮಾತ್ರ. "ಅಫಜಲಪುರಾ! ಜೇವರ್ಗಿ..." ಎಂದು ಊರುಗಳನ್ನು ಕೂಗುತ್ತ ದನಿ ಇಳಿಸಿ, ಕೊನೆಯ ಊರು ಬಂದಾಗ ಬರೀ ಉಸಿರಿನಲ್ಲಿ "ಯಡ್ರಾಮಿ" ಎನ್ನುವುದು, ಅದೇ ಲಯಕ್ಕೆ ನೀಲಮ್ಮ ಬೆನ್ನು ತಟ್ಟುವುದು. ಪಕ್ಕದ ಮಾಳಗಿಯವರು ಸಾಹೇಬರ ಅಣಕ ಬೇಕೆಂದರೆ, "ಸುಮ್ನ ಬೀಳ್ರಿ, ಬಸ್ಸು ಹೊಂಟದ!" ಎಂದು ಕಾಶಮ್ಮನೇ ಬಾಯಿ ಮುಚ್ಚಿಸುವರು. ಮೊದಮೊದಲು ಶರಣು ಯಡ್ರಾಮಿ ದಾಟಿದರೂ ಎದ್ದು ಕೂರುತ್ತಿದ್ದ. ನಾವು ಬಿಡಲಿಲ್ಲ. ಒಂದು ದಿನ ಯಡ್ರಾಮಿ ಬಂದದ್ದೇ ತಾನಾಗಿ ಮೈ ಚೆಲ್ಲಿದ! ತಟ್ಟುತ್ತಿದ್ದ ಕೈ ಅವನ ಬೆನ್ನ ಮೇಲೇ ನಿಂತಿತ್ತು, ತಾಯಿಯೂ ಮಲಗಿದ್ದರು. ಖುಷಿಗೆ ಕೂಗುವ ಹಾಗಿಲ್ಲ. ಬಾಯಿಗೆ ಚಾದರ ತುರುಕಿಕೊಂಡು ಕುಣಿದೆ!

ರಜೆಗೆ ಊರಿಗೆ ಬಂದಾಗ ನನ್ನ "ಹೌದ್ರಿ" ಕೇಳಿ ನೀವೆಲ್ಲ ನಕ್ಕಿರಿ. ಇಲ್ಲಿ ನನ್ನ "ಬನ್ನಿ, ಹೋಗಿ" ಕೇಳಿ ನಗುತ್ತಾರೆ. ತಿಪಟೂರಿನಲ್ಲಿ ಚಿಲಕ ಹಾಕಿದ ನಮ್ಮ ಕೋಣೆಯಲ್ಲಿ ನಿದ್ದೆ ಬಾರದೆ ಹೊರಳಾಡಿದ್ದೇ ಬಂತು. ನಾನಿಲ್ಲದೆ ಶರಣುವಿನ ಗತಿಯೇನು ಎಂದು ಓಡೋಡಿ ಆಳಂದಕ್ಕೆ ಬಂದರೆ, ನೀಲಮ್ಮ ತಾವೇ ಕಂಡಕ್ಟರ್ ಆಗಿಬಿಟ್ಟಿದ್ದಾರೆ! ಹುಡುಗ ಜೇವರ್ಗಿಗೇ ಮಲಗಿದ. ಸಂತೋಷವೇನೋ ಸರಿ, ಎದೆಯಲ್ಲಿ ಎಲ್ಲೋ ಚುರುಕ್ಕೆಂದಿತು.

"ನನ್ನ ಕೆಲಸ ಮುಗಿಯಿತು, ಕಾಶಮ್ಮ. ಊರಿಗೆ ವರ್ಗ ಕೇಳಲೇ?" ಎಂದೆ ಪಿಸುದನಿಯಲ್ಲಿ.

ಅವರು ಮಗ್ಗುಲು ಕೂಡ ಬದಲಿಸಲಿಲ್ಲ.

"ಹೋಗು. ಕೂಸಿಗೆ ನೀ ಬ್ಯಾಡ. ಖರೆ, ನನ್ನ ಅಣಕಸಾವ್ರಿಲ್ದ ಇಷ್ಟ್ ದಿನಾ ನನಗ ನಿದ್ದಿ ಹತ್ತಿಲ್ಲ. ಅದಕ್ಕ ಯಾವ ಡಾಕ್ಟರಗ ಫೋನ್ ಮಾಡ್ಲಿ, ಲೇ ತಮ್ಮಾ?"